ಬೂದಿ ಬಿದ್ದ ಜರಿಗಿಡ

ಗಂಗಾಧರ ಬಕೆಟ್ ಕೆಳಗಿಟ್ಟ. ಬಿಸಿ ಸಾಂಬಾರಿನ ಘಮ ವಡಪಳನಿಯ ಆ ಸ್ಟುಡಿಯೋದೊಳಗಿನ ಸೆಟ್ಟಿನ ಕಾಡಿಗೆಲ್ಲ ಹರಡಿತು.

"ಏನೋ ಇದು?" ಎಂದ ಸೆಟ್ ಮೇಸ್ತ್ರಿ ಉದಯ್.

"ನೀನೇ ಅಂದ್ಯಲ್ಲಣ್ಣ, ಒಂದ್ ಬಕೆಟ್ ಸಾಂಬಾರ್ ತಗಬಾ ಅಂತ. ಮೆಸ್ಸಿಂದ ತಂದೆ."

"ಸಾಂಬಲ್ ಡಾ, ಸಾಂಬಲ್! ತಮಿಳಲ್ಲಿ ಬೂದಿ! ಜ್ವಾಲಾಮುಖಿ ಸಾಂಬಾರ್ ಕಾರುತ್ತಾ? ಇಡ್ಲಿ ಎಲ್ಲಪ್ಪಾ?"

ಇಡೀ ಫ್ಲೋರು ನಕ್ಕಿತು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ಮಂಡ್ಯದ ಕಡೆಯಿಂದ ಬಂದಿದ್ದ ಗಂಗಾಧರನಿಗೆ ಯಾರಾದರೂ ನಕ್ಕರೆ ಕೈ ತಾನಾಗಿ ಮುಷ್ಟಿಯಾಗುತ್ತಿತ್ತು.

ಲಕ್ಷಾಂತರ ವರ್ಷಗಳ ಹಿಂದಿನ ಕಾಡೊಂದು ಜ್ವಾಲಾಮುಖಿಗೆ ಸಿಕ್ಕ ಕಥೆ. ಮಕ್ಕಳಿಗಾಗಿ ತೆಗೆಯುತ್ತಿದ್ದ ಚಿತ್ರ. ಮರಗಳೆಲ್ಲ ಥರ್ಮೋಕೋಲಿನವು. ಜರಿಗಿಡಗಳು ಮಾತ್ರ ನಿಜದವು. ಎರಡು ತಿಂಗಳು ಒದ್ದೆ ಗೋಣಿಯ ನೆರಳಿನಲ್ಲಿ ಅವನ್ನು ಸಾಕಿದವನು ಗಂಗಾಧರ. ಇವತ್ತು ಅವೆಲ್ಲ ಬೂದಿಯಡಿ ಹೋಗಬೇಕಿತ್ತು.

"ಮೂಲೇಲಿರೋ ಒಂದ್ ಟ್ರೇ ಗಿಡನಾದ್ರೂ ಬಿಡಣ್ಣ."

"ವೇಂಡಾಂ, ಬೇಡ. ಕ್ಯಾಮೆರಾಗೆ ಕಾಣುತ್ತೆ."

"ನೀರಾಕಿದ್ದು ನಾನು! ನೀನಾ?"

ಚಿತ್ರದ ವಿವರ ತಿದ್ದಲು ಬಂದಿದ್ದ ಸಸ್ಯಶಾಸ್ತ್ರದ ಮೇಡಂ ಊರ್ಮಿಳಾ ಒಂದು ಎಲೆಯನ್ನು ಬೆರಳಲ್ಲಿ ಎತ್ತಿದರು. "ಹಾನಿ ಬೂದಿ ಬಿದ್ದ ಕಡೆ ಮಾತ್ರ ಅಲ್ಲಪ್ಪ. ಬೆಟ್ಟ ಉಗುಳಿದ ಗಂಧಕದ ಮಂಜು ಆಕಾಶಕ್ಕೇರಿ ಬಿಸಿಲಿಗೇ ಅಡ್ಡ ನಿಲ್ತಿತ್ತು. ಎಲ್ಲೋ ದೂರದ ಮರಗಳೂ ಚಳಿಗೆ ಬೆಳೆಯೋದು ನಿಲ್ಲಿಸ್ತಿದ್ವು."

"ಆಮೇಕೆ?"

"ಎಷ್ಟೋ ಕಡೆ ಮೊದಲು ಎದ್ದಿದ್ದು ಈ ಜರಿಗಿಡಗಳೇ."

"ಸುಮ್ಕಿರಿ ಮೇಡಂ. ಮುಚ್ಚಾಕೋರೆಲ್ಲ ಹಿಂಗೇ ಯೋಳೋದು."

ಬೇರೆಯವರು ಎರಚಿದ ಬೂದಿ ಹೆಂಟೆಹೆಂಟೆಯಾಗಿ ಬಿತ್ತು. ಕೊನೆಗೆ ಗಂಗಾಧರನೇ ಜರಡಿ ಹಿಡಿದು ಸೆಟ್ಟಿನ ಮೇಲೆ ಕಟ್ಟಿದ್ದ ಹಲಗೆ ಹತ್ತಿದ. ಸೂರ್ಯನಾಗಿದ್ದ ದೊಡ್ಡ ದೀಪಕ್ಕೆ ಬೂದುಬಣ್ಣದ ಹಾಳೆ ಕಟ್ಟಿದರು. ಭತ್ತದ ಹೊಟ್ಟಿನ ಬೂದಿ ಸದ್ದಿಲ್ಲದೆ ಇಳಿಯತೊಡಗಿತು. ವೈರು, ಹಲಗೆ, ನಗು, ಒಂದೊಂದಾಗಿ ಕರಗಿದವು. ಮನುಷ್ಯರೇ ಇಲ್ಲದ ಯಾವುದೋ ಮಧ್ಯಾಹ್ನ. ಬಿಸಿಲು ಎಲ್ಲಿಗೋ ಎದ್ದು ಹೋಗಿತ್ತು. ಕೆಳಗೆ ಎಲೆಗಳು ಒಂದರ ಹಿಂದೊಂದು ತಲೆ ಬಗ್ಗಿಸಿದವು. "ಕಟ್" ಎಂದು ಮೂರು ಸಲ ಕೂಗಿದರೂ ಅವನ ಕೈ ಜರಡಿ ಆಡಿಸುತ್ತಲೇ ಇತ್ತು.

ಮರುದಿನ ಸೆಟ್ ಕಿತ್ತರು. ಕಸದ ಲಾರಿಗೆ ಹೋಗಬೇಕಿದ್ದ ಒಂದು ಟ್ರೇಯನ್ನು ಗಂಗಾಧರ ಬೂದಿಸಮೇತ ಎಳೆದೊಯ್ದು ಸ್ಟುಡಿಯೋದ ಹಿಂದೆ, ನಲ್ಲಿಯ ಪಕ್ಕ ಇಟ್ಟ. ಉದಯ್ ನೋಡಿದ, ತಡೆಯಲಿಲ್ಲ. ದಿನಾ ಬೆಳಿಗ್ಗೆ ಒಂದು ಚೊಂಬು ನೀರು. ಏನೂ ಆಗಲಿಲ್ಲ. ಮೇಡಂಗೆ ಮನಸ್ಸಿನಲ್ಲೇ ಬೈದ.

ಹನ್ನೆರಡನೆಯ ಬೆಳಿಗ್ಗೆ ಬೂದಿ ಬಿರುಕು ಬಿಟ್ಟಿತ್ತು. ಬಿರುಕಿನೊಳಗೆ ಹಸಿರು ಸುರುಳಿಯೊಂದು, ಇನ್ನೂ ಬಿಚ್ಚದ ಮುಷ್ಟಿ. ತುದಿಯಲ್ಲಿ ಚಿಟಿಕೆ ಬೂದಿ. ಗಂಗಾಧರ ಕುಕ್ಕರುಗಾಲಲ್ಲಿ ಕೂತ.

"ಡೇಯ್ ಸಾಂಬಾರ್!" ಗೋಡೆಯಾಚೆಯಿಂದ ಉದಯ್ ಕೂಗಿದ. "ಎಲ್ ಸತ್ತೆ?"

"ಬಂದೆ ಕಣಣ್ಣ," ಎಂದ ಗಂಗಾಧರ, ಬೂದಿ ಹಾರದಷ್ಟು ಮೆಲ್ಲಗೆ.