ಅಪಸ್ವರದ ಕಂಚಿನ ಗಂಟೆ

ನಾನೊಂದು ಕಂಚಿನ ಗಂಟೆ. ನಿಮ್ಮ ದೇವಸ್ಥಾನದ ಗಂಟೆಯಂತೆ ನನಗೆ ನಾಲಗೆಯಿಲ್ಲ. ಹೊರಗಿನಿಂದ ಮರದ ಕೊಡತಿಯಲ್ಲಿ ಹೊಡೆದರಷ್ಟೇ ದನಿ. ನಾಲಗೆ ಇದ್ದಿದ್ದರೆ ಆ ದಿನ ಊರಿಗೆಲ್ಲ ಕೇಳುವಂತೆ ಕೂಗಿಬಿಡುತ್ತಿದ್ದೆ.

ಎರಡು ಸಾವಿರ ವರ್ಷಗಳಿಗೂ ಹಿಂದೆ, ಚೀನಾದ ಒಂದು ಪುಟ್ಟ ಸಂಸ್ಥಾನದಲ್ಲಿ, ಲು ಪಿಂಗ್ ಎಂಬ ಎರಕದವನು ನನ್ನನ್ನು ಮಣ್ಣಿನ ಅಚ್ಚಿನಲ್ಲಿ ಎರೆದ. ಮೈತುಂಬ ಸುತ್ತಿಕೊಂಡ ಡ್ರ್ಯಾಗನ್‌ಗಳು, ಮೊಗ್ಗಿನಂಥ ಉಬ್ಬುಗಳು. ಒಳಗೆ ಅರದಿಂದ ಕೆರೆದು ಕೆರೆದು ಸ್ವರ ಕೂಡಿಸಿದ. ನಡುವೆ ಹೊಡೆದರೆ ಒಂದು ಸ್ವರ, ಪಕ್ಕಕ್ಕೆ ಹೊಡೆದರೆ ಇನ್ನೊಂದು! ನನಗೇ ಸೋಜಿಗ. ಸ್ವಲ್ಪ ಜಂಬವೂ ಬಂತು.

ಆ ಜಂಬ ಅರಮನೆಯಲ್ಲಿ ಇಳಿಯಿತು. ಹೊಸ ಗಂಟೆಗೆ ಪೂಜೆಯೆಂದು ಎತ್ತೊಂದನ್ನು ಕಡಿದು, ಅದರ ಬಿಸಿ ನೆತ್ತರನ್ನು ನನ್ನ ಡ್ರ್ಯಾಗನ್‌ಗಳ ಸಂದಿಗೆ ಬಳಿದರು. ಬೆಚ್ಚಿಬಿದ್ದೆ. "ಜೀವ ಕೊಡದೆ ಗಂಟೆಗೆ ಜೀವ ಬರಲ್ಲ" ಎಂದ ಅರಮನೆಯ ಪಾರುಪತ್ಯಗಾರ. ಆಮೇಲೆ ನನ್ನನ್ನು ಮೆಲ್ಲಗೆ ಒರೆಸಿದವಳು ಲು ಪಿಂಗನ ಮಗಳು ವೇಯಿ. ದೊರೆಯ ಮೇಳದಲ್ಲಿ ನನ್ನನ್ನು ನುಡಿಸುತ್ತಿದ್ದವಳು ಅವಳೇ.

ದೊರೆ ಸತ್ತ. ಅವನ ಗಂಟೆಗಳೆಲ್ಲ ಅವನ ಜೊತೆ ಸಮಾಧಿಗೆ ಹೋಗಬೇಕು. ನುಡಿಸುವ ಹೆಣ್ಣುಮಕ್ಕಳನ್ನೂ ಕೊಂದು ಜೊತೆಗೇ ಹೂಳಬೇಕು. ಅಲ್ಲಿನ ಪದ್ಧತಿಯಂತೆ! ಕಂಚಿನ ಮೈಯಾದರೂ ಜುಮ್ಮೆಂದಿತು.

ಲು ಪಿಂಗ್ ಓಡಿಬಂದು ನನ್ನೊಳಗೆ ಮತ್ತೆ ಅರ ಹಾಕತೊಡಗಿದ.

"ಅಪ್ಪಾ, ಏನ್ ಮಾಡ್ತಿದ್ದೀಯ? ಸ್ವರ ಕೆಟ್ಟುಹೋಗುತ್ತೆ!" ಎಂದಳು ವೇಯಿ.

"ಕೆಡ್ಲಿ ಮಗಳೇ. ಅಪಸ್ವರದ ಗಂಟೇನ ದೊರೆ ಜೊತೆ ಇಡಲ್ಲ. ಗಂಟೇನೇ ಹೋಗ್ದೆ ಇದ್ರೆ ನುಡಿಸೋಳು ಯಾಕೆ ಹೋಗ್ಬೇಕು?"

ಮೈಯೆಲ್ಲ ಉರಿಯುತ್ತಿದ್ದರೂ 'ಕೆರೆ, ಇನ್ನೂ ಕೆರೆ' ಎಂದುಕೊಂಡೆ.

ಪಾರುಪತ್ಯಗಾರ ನನ್ನನ್ನು ಒಮ್ಮೆ ತಟ್ಟಿ ಮುಖ ಸಿಂಡರಿಸಿದ. "ಇದು ಬೇಡ. ಪಕ್ಕದ ರಾಜರು ಕಳಿಸಿರೋ ಗಂಟೆ ಇದೆಯಲ್ಲ, ಇದರ ಜಾಗದಲ್ಲಿ ಅದನ್ನ ಕಟ್ಟಿ."

ಲು ಪಿಂಗ್ ನೆಮ್ಮದಿಯ ಉಸಿರು ಬಿಟ್ಟ. ಅಷ್ಟರಲ್ಲಿ ಪಾರುಪತ್ಯಗಾರ ವೇಯಿಯ ಕಡೆ ತಿರುಗಿದ.

"ಏ ಹುಡುಗಿ, ಅದು ಹೊಸ ಗಂಟೆ. ಕೈ ಪಳಗಿದವಳೇ ಬೇಕು. ಮೊದಲು ನೀನು ನಡಿ."

ಸಿಡಿಲು ಬಡಿದಂತಾಯಿತು. ವೇಯಿ ನನ್ನ ಪಕ್ಕೆಯನ್ನೊಮ್ಮೆ ಸವರಿ ಸಮಾಧಿಯ ಕಡೆ ಹೊರಟುಹೋದಳು. ಲು ಪಿಂಗನ ಕೈಯಲ್ಲಿ ಅರ ಇನ್ನೂ ಹಾಗೇ ಇತ್ತು.

ಕೆಲಸಕ್ಕೆ ಬಾರದ್ದೆಂದು ನಾನು ಉಗ್ರಾಣದ ಮೂಲೆ ಸೇರಿದೆ, ಆಮೇಲೆ ಮಣ್ಣು ಸೇರಿದೆ. ಈಗ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿದ್ದೇನೆ. ಬಂದವರು ಒಳಗೆ ಇಣುಕಿ, "ಪಾಪ, ಮಾಡಿದವನಿಗೆ ಕೆಲಸ ಬರ್ತಿರಲಿಲ್ಲ ಅನ್ಸುತ್ತೆ" ಎನ್ನುತ್ತಾರೆ.

ಆ ಗೀರುಗಳೆಲ್ಲ ಒಬ್ಬ ಅಪ್ಪ ಮಗಳಿಗಾಗಿ ಹಾಕಿದವು. ಇವತ್ತಿಗೂ ನನಗೆ ನಂಬಲಾಗುತ್ತಿಲ್ಲ: ಅವನು ಕೆರೆದದ್ದು ಅವಳು ಉಳಿಯಲೆಂದು, ಉಳಿದದ್ದು ನಾನು.