ಫ್ಯಾನಿನ ಸದ್ದು

"ಹೋಯ್ತು," ಎಂದಳು ಮಗಳು, ಕಪ್ಪಾದ ಪರದೆಯ ಮೇಲಿಂದ ಕಣ್ಣು ಕೀಳದೆ.

ಊಟದ ತಟ್ಟೆ ಬಿಟ್ಟು ಮೇಸ್ತ್ರಿ ಎದ್ದು ಬಂದ. ಬೆಳಗಿನಿಂದ ಇದು ಮೂರನೇ ಸಲ. ಮೇಜಿನ ಕೆಳಗಿದ್ದ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿಟ್ಟು ಐದಾರು ತಿಂಗಳಾಗಿತ್ತು. ಅದರ ಹೊಟ್ಟೆಗೇ ಗಾಳಿ ಬಡಿಯುವಂತೆ ಒಂದು ಸ್ಟ್ಯಾಂಡ್ ಫ್ಯಾನ್ ನಿಲ್ಲಿಸಿದ್ದರು. ಕಂಪ್ಯೂಟರ್ ಬಾಯಿ ಮುಚ್ಚಿದ್ದರೂ ಆ ಹಳೆಯ ಫ್ಯಾನ್ ಮಾತ್ರ ಯಾರಿಗೋ ಬೈಯುತ್ತಿರುವಂತೆ ಗರಗರ ತಿರುಗುತ್ತಲೇ ಇತ್ತು. ಮೇಸ್ತ್ರಿ ಮಂಡಿಯೂರಿ ಒಳಗೆ ಕೈಯಿಟ್ಟವನು ತಟ್ಟನೆ ಹಿಂದಕ್ಕೆಳೆದುಕೊಂಡ. ಇಪ್ಪತ್ತೆಂಟು ವರ್ಷ ತನ್ನ ಅಂಗಡಿಯಲ್ಲಿ ಲಾರಿ ಬಸ್ಸುಗಳ ರೇಡಿಯೇಟರ್ ರಿಪೇರಿ ಮಾಡಿದ ಕೈ ಅದು. ಬಿಸಿಗೆ ಸುಲಭಕ್ಕೆ ಹೆದರುವಂಥದ್ದಲ್ಲ.

"ಕುದೀತಾ ಇದೆಯಲ್ಲೇ ಪುಟ್ಟಿ ಇದು!"

"ತೊಂಬತ್ತೆಂಟು ಡಿಗ್ರಿ ತೋರಿಸ್ತಿತ್ತು. ಅದಕ್ಕಿಂತ ಹೆಚ್ಚಾದ್ರೆ ತಾನಾಗೇ ಆಫ್ ಆಗುತ್ತೆ, ಸುಟ್ಟು ಹೋಗ್ಬಾರ್ದು ಅಂತ." ಅವಳು ಮೌಸಿನ ಮೇಲಿಂದ ಬಲಗೈಯನ್ನು ಮೆಲ್ಲಗೆ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. "ಅಲ್ಲಿ ನಾಲ್ಕು ಜನ ನನ್ನನ್ನೇ ನಂಬ್ಕೊಂಡು ಗೇಟ್ ಹತ್ರ ನಿಂತಿದ್ರಪ್ಪ. ಇಷ್ಟೊತ್ತಿಗೆ ಎಲ್ರೂ ಸತ್ತಿರ್ತಾರೆ."

ಅವಳಿಗೆ ಇಪ್ಪತ್ತಾರು. ಹದಿನಾಲ್ಕರಲ್ಲಿ ಮೆಟ್ಟಿಲು ಹತ್ತುವಾಗ ಕಾಲು ಮಡಚಿಕೊಂಡು ಬಿದ್ದವಳು, ಹತ್ತೊಂಬತ್ತಕ್ಕೆ ಗಾಲಿಕುರ್ಚಿಗೆ ಬಂದಿದ್ದಳು. ಸ್ನಾಯುಗಳು ಒಂದೊಂದಾಗಿ ಸೋಲುವ ಕಾಯಿಲೆ. ಇದಕ್ಕೆ ಮದ್ದಿಲ್ಲ ಎಂದು ಡಾಕ್ಟರು ಮೊದಲ ದಿನವೇ ಕಡ್ಡಿ ಮುರಿದಂತೆ ಹೇಳಿದ್ದರು. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಅವಳಮ್ಮ ಎತ್ತಿ ಕೂರಿಸಬೇಕು. ಆದರೆ ಬೆರಳುಗಳು ಇನ್ನೂ ಅವಳ ಮಾತು ಕೇಳುತ್ತಿದ್ದವು. ಎಂಟು ವರ್ಷದ ಹಿಂದೆ ಮೇಸ್ತ್ರಿ ಕೊಂಡುತಂದ ಆ ಕಂಪ್ಯೂಟರಿನ ಆಟದೊಳಗೆ ಅವಳು ಗೋಡೆ ಹತ್ತುತ್ತಿದ್ದಳು, ಹೊಳೆ ಹಾರುತ್ತಿದ್ದಳು, ಮುಖ ಕಾಣದ ನಾಲ್ಕು ಗೆಳೆಯರನ್ನು ಹಿಂದಿಟ್ಟುಕೊಂಡು ಶತ್ರುಗಳ ಕೋಟೆಗೆ ನುಗ್ಗುತ್ತಿದ್ದಳು. ಅವರು ಅವಳನ್ನು ಕ್ಯಾಪ್ಟನ್ ಎಂದು ಕರೆಯುತ್ತಿದ್ದರು. ಕ್ಯಾಪ್ಟನ್ನಿಗೆ ನಿಂತುಕೊಳ್ಳಲು ಬರುವುದಿಲ್ಲ ಎಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

"ನಾಳೆ ಕಂಪ್ಯೂಟರ್ ಅಂಗಡಿಗೆ ಹೋಗಿ ಕೇಳ್ಕೊಂಡು ಬರ್ತೀನಿ," ಎಂದ ಮೇಸ್ತ್ರಿ. "ಇದೇನು ದೊಡ್ಡ ವಿದ್ಯೆ. ಬಿಸಿ ಹೊರಗೆ ಹೋಗ್ಬೇಕು, ಅಷ್ಟೇ ತಾನೇ? ನಾನು ಜೀವಮಾನವೆಲ್ಲ ಮಾಡಿದ್ದು ಅದನ್ನೇ."

ಕಂಪ್ಯೂಟರ್ ಅಂಗಡಿಯವನು ಫೋಟೋ ನೋಡಿಯೇ ತಲೆಯಾಡಿಸಿದ. "ಮೇಸ್ತ್ರಿಗಳೇ, ಇದು ಮುದಿ ಮಷೀನು. ಇದರ ಸೇವೆ ಮಾಡಿದ್ದು ಸಾಕು, ಹೊಸದು ತಗೊಳ್ಳಿ."

"ಇಂಜಿನ್ ಚೆನ್ನಾಗಿದೆ ತಾನೇ?"

"ಇಂಜಿನ್ನಾ?"

"ಗಾಡಿ ಹೀಟ್ ಆಯ್ತು ಅಂತ ಗಾಡಿನೇ ಗುಜರಿಗೆ ಹಾಕ್ತಾರೇನ್ರೀ? ರೇಡಿಯೇಟರ್ ಬದಲಾಯಿಸ್ತಾರೆ."

ಅಂಗಡಿಯವನು ನಕ್ಕು, ಒಳಗಿನಿಂದ ಧೂಳು ಹಿಡಿದ ಒಂದು ಡಬ್ಬ ತಂದ. ಹಳೆಯ ಮಾಡೆಲ್ಲಿಗೆ ಕೂರುವ ಕೂಲರ್ ಅದೊಂದೇ ಉಳಿದಿತ್ತಂತೆ. ಮೇಸ್ತ್ರಿ ಬಿಚ್ಚಿ ನೋಡಿದ. ಬಾಗಿದ ನಾಲ್ಕು ತಾಮ್ರದ ಕೊಳವೆ, ಅವುಗಳ ಮೇಲೆ ಒಂದರ ಪಕ್ಕ ಒಂದು ಜೋಡಿಸಿದ ಅಲ್ಯೂಮಿನಿಯಂ ಎಲೆಗಳು, ಬದಿಯಲ್ಲಿ ಅಂಗೈಯಗಲದ ಫ್ಯಾನು. ಎಲೆಗಳ ಅಂಚಿನ ಮೇಲೆ ಉಗುರು ಎಳೆದ, ತುರ್ರೆಂದಿತು. ದೂರದ ಊರಲ್ಲಿ ತನ್ನ ಕಡೆಯವರು ಯಾರೋ ಸಿಕ್ಕಂತಾಯಿತು ಅವನಿಗೆ.

"ಹಳೇದನ್ನ ಬಿಚ್ಚೋ ಮುಂಚೆ ಸ್ವಲ್ಪ ಹೊತ್ತು ಆನ್ ಮಾಡಿ ಬಿಸಿ ಮಾಡ್ಕೊಳ್ಳಿ, ಒಣಗಿದ ಪೇಸ್ಟ್ ಮೆತ್ತಗಾಗ್ಲಿ," ಎಂದು ಅಂಗಡಿಯವನು ಹಿಂದಿನಿಂದ ಹೇಳಿದ. ಮೇಸ್ತ್ರಿ ಆಗಲೇ ಬೀದಿಗಿಳಿದಿದ್ದ.

ಮುಂದಿನ ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ, ಕಂಪ್ಯೂಟರನ್ನು ಅಡ್ಡ ಮಲಗಿಸಿದ. ಮಗಳು ಕುರ್ಚಿ ಪಕ್ಕಕ್ಕೆ ತಂದುಕೊಂಡು, ಮೊಬೈಲಿನಲ್ಲಿ ಯಾರೋ ಮಾಡಿ ತೋರಿಸುವ ವಿಡಿಯೋ ಹಚ್ಚಿಟ್ಟುಕೊಂಡು ಕೂತಳು. ಬ್ರಶ್ಶಿನಲ್ಲಿ ಉಜ್ಜಿದರೆ ಧೂಳು ಹತ್ತಿಯ ಹಾಗೆ ಪದರಪದರವಾಗಿ ಎದ್ದುಬಂತು. ಸ್ಟ್ಯಾಂಡ್ ಫ್ಯಾನ್ ಅದನ್ನೆಲ್ಲ ಅಡುಗೆಮನೆಗೆ ಹಾರಿಸಿತು.

"ಏನ್ರೀ, ಅಪ್ಪ ಮಗಳು ಸೇರಿ ಮನೇನ ಗ್ಯಾರೇಜ್ ಮಾಡಿಬಿಟ್ರಾ?" ಎಂದು ಹೆಂಡತಿ ಅಲ್ಲಿಂದಲೇ ಕೂಗಿದಳು. ಆದರೆ ಬಹಳ ದಿನದ ಮೇಲೆ ಆ ದನಿಯಲ್ಲಿ ನಗುವಿತ್ತು.

"ಅಪ್ಪಾ, ಬಿಸಿ ಇರುವಾಗ ಬಿಚ್ಚಬೇಕಂತೆ," ಎಂದಳು ಮಗಳು ಮೊಬೈಲಿನಿಂದ ತಲೆಯೆತ್ತಿ.

"ಬಿಸಿ ಇರುವಾಗ ರೇಡಿಯೇಟರ್ ಮುಟ್ಟಿದವನು ಮುಖ ಸುಟ್ಕೊಂಡು ಬರ್ತಾನೆ. ನಮ್ಮ ಕಸುಬಿನಲ್ಲಿ ಅದೇ ಮೊದಲನೇ ಪಾಠ," ಎಂದು ಅವನು ಹಳೆಯ ಕೂಲರನ್ನು ಹಿಡಿದು ಎಳೆದ. ಬರಲಿಲ್ಲ. ಇನ್ನಷ್ಟು ಬಲ ಹಾಕಿದ. ಕಟಕ್ಕೆಂದು ಬಂತು. ಅದರ ಬೆನ್ನಿಗೆ ಬಿಸಿ ದಾಟಿಸಲು ನಡುವೆ ಹಚ್ಚಿದ್ದ, ಈಗ ಗಾರೆಯಂತೆ ಒಣಗಿದ ಪೇಸ್ಟಿಗೆ ಅಂಟಿಕೊಂಡು, ಕಂಪ್ಯೂಟರಿನ ಜೀವವೇ ಆಗಿದ್ದ ಆ ಚೌಕದ ಪ್ರೊಸೆಸರ್ ಚಿಪ್ ಬೇರುಸಮೇತ ಕಿತ್ತುಬಂದಿತ್ತು.

ಮಗಳು ವಿಡಿಯೋ ನಿಲ್ಲಿಸಿದಳು. ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದ. ಕೂದಲಿನಷ್ಟು ಸಣ್ಣ ನೂರಾರು ಚಿನ್ನದ ಬಣ್ಣದ ಮುಳ್ಳುಗಳು. ಮೂಲೆಯಲ್ಲಿ ಐದಾರು ಮಲಗಿಕೊಂಡಿದ್ದವು. ಹಣೆಯ ಬೆವರು ಇಳಿದು ಕನ್ನಡಕಕ್ಕೆ ತೊಟ್ಟಿಕ್ಕಿತು. ಕೈಯಾರೆ ಮಾಡಿಕೊಂಡ ಕೆಲಸ, ಯಾರನ್ನು ಅನ್ನುವುದು?

"ಹೋಯ್ತಾ ಅಪ್ಪಾ?"

"ಸೂಜಿ ಕೊಡೇ," ಎಂದ ಹೆಂಡತಿಗೆ. "ಇರೋದರಲ್ಲೇ ಸಣ್ಣದು."

ಮುಂದಿನ ಒಂದು ಗಂಟೆ ಅದೇ ಕೆಲಸ. ಕಲ್ಲು ಬಡಿದು ಮಡಚಿದ ರೇಡಿಯೇಟರಿನ ಎಲೆಗಳನ್ನು ಒಂದೊಂದಾಗಿ ಎಬ್ಬಿಸಿ ನಿಲ್ಲಿಸಿದ ಅನುಭವ ಅವನದು. ಆದರೆ ಅವು ಇಷ್ಟು ಸಣ್ಣವಾಗಿರಲಿಲ್ಲ. ಹೆಂಡತಿ ಭೂತಗನ್ನಡಿ ಹಿಡಿದು ನಿಂತಳು. ಸೂಜಿಯ ಮೊನೆಯಿಂದ ಒಂದು ಮುಳ್ಳನ್ನು ಎತ್ತುವುದು, ಮುಂಗೈ ಒರೆಸಿಕೊಳ್ಳುವುದು, ಇನ್ನೊಂದನ್ನು ಎತ್ತುವುದು. ಕೊನೆಯದೂ ಎದ್ದು ಸಾಲಿಗೆ ಸೇರಿದಾಗ ಚಿಪ್ಪನ್ನು ಅದರ ಜಾಗದಲ್ಲಿಟ್ಟ. ಒತ್ತುವ ಮುಂಚೆಯೇ ಅದು ಮೆತ್ತಗೆ ಕೂತುಕೊಂಡಿತು. ಹೊಸ ಪೇಸ್ಟ್ ಬಟಾಣಿಯಷ್ಟು ಹಾಕಿ, ಹೊಸ ಕೂಲರ್ ಬಿಗಿದ. ಅದು ಎತ್ತರವಾಗಿ ಪಕ್ಕದ ತಗಡು ಮುಚ್ಚಲಿಲ್ಲ. ಅದಕ್ಕೇನಂತೆ? ತಗಡಿಗೆ ಕಿಂಡಿ ಕೊರೆದು, ಲಾರಿಯ ಜಾಲರಿಯ ತುಂಡೊಂದನ್ನು ಹೊಚ್ಚಿದ.

ಮಧ್ಯಾಹ್ನ ಮೂರಕ್ಕೆ ಕಂಪ್ಯೂಟರ್ ಹೊತ್ತಿಕೊಂಡಿತು. ಮಗಳು ಆಟ ಹಚ್ಚಿದಳು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಪರದೆಯ ಮೂಲೆಯ ಅಂಕಿ ಅರವತ್ತೊಂದಕ್ಕೆ ಬಂದು ನಿಂತದ್ದು ಕದಲಲಿಲ್ಲ.

"ಅರವತ್ತೊಂದು!" ಎಂದಳು. "ಅಪ್ಪಾ, ನೀನು ನಿನ್ನ ಅಂಗಡಿ ಬೋರ್ಡು ಬದಲಾಯಿಸು, ಕಂಪ್ಯೂಟರ್ ರಿಪೇರಿ ಅಂತ."

ಮೇಸ್ತ್ರಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಸ್ಟ್ಯಾಂಡ್ ಫ್ಯಾನಿನ ಸ್ವಿಚ್ ಆರಿಸಿ, ವೈರು ಸುತ್ತಿ ಎತ್ತಿಕೊಂಡ.

"ಅದು ಇರ್ಲಿ ಬಿಡಪ್ಪಾ."

"ಇನ್ನು ಯಾಕೆ? ಅಂಗಡಿಗೆ ಒಯ್ತೀನಿ, ಅಲ್ಲಿ ಬೆಂದು ಹೋಗ್ತಿದೀನಿ."

"ಸೆಕೆ ಆಗುತ್ತೆ."

"ಮೇಲೊಂದು ತಿರುಗ್ತಾ ಇದೆಯಲ್ಲ ತಾಯಿ."

"ಇರ್ಲಿ ಅಂದ್ನಲ್ಲಾ," ಎಂದಳು ಇನ್ನೊಮ್ಮೆ. ಅವಳ ಹಟ ಅವನಿಗೆ ಹೊಸದೇನಲ್ಲ. ಫ್ಯಾನನ್ನು ಹೊರಬಾಗಿಲ ಬಳಿ ಇಟ್ಟು, ತನ್ನ ಕೆಲಸವನ್ನು ಕಣ್ತುಂಬ ನೋಡಲು ಬಂದು ಕಂಪ್ಯೂಟರಿನ ಪಕ್ಕ ನೆಲದ ಮೇಲೆ ಕೂತ.

ಎಷ್ಟು ತಿಂಗಳ ಮೇಲೆ ಆ ಕೋಣೆ ಸುಮ್ಮನಾಗಿತ್ತು! ಗೋಡೆ ಗಡಿಯಾರದ ಟಿಕ್‌ಟಿಕ್ ಕೇಳುತ್ತಿತ್ತು. ಮಗಳ ಬೆರಳು ಕೀಲಿಗಳ ಮೇಲೆ ಬೀಳುವುದು ಕೇಳುತ್ತಿತ್ತು. ಆಮೇಲೆ ಇನ್ನೊಂದು ಸದ್ದು. ಪೈಪಿನಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡು ನೀರು ತಡೆತಡೆದು ಬಂದ ಹಾಗೆ. ಎಳೆದು, ಒಂದು ಕ್ಷಣ ನಿಂತು, ಮತ್ತೆ ಎಳೆಯುವ ಸಣ್ಣ ಸದ್ದು. ಮೇಸ್ತ್ರಿಯ ಮುಖ ಸಪ್ಪಗಾಯಿತು. ಎಲ್ಲೋ ತಪ್ಪಿದೆ. ಜಾಲರಿಗೆ ಕಿವಿ ಹಚ್ಚಿದ. ಹೊಸ ಫ್ಯಾನು ಎಲ್ಲಾದರೂ ತಾಗುತ್ತಿದೆಯೇ? ತಗಡು ಸರಿಸಿ ಬೆರಳ ತುದಿಯಿಂದ ಫ್ಯಾನನ್ನು ಒಂದು ಗಳಿಗೆ ನಿಲ್ಲಿಸಿ ನೋಡಿದ.

ಫ್ಯಾನ್ ನಿಂತಿತು. ಸದ್ದು ನಿಲ್ಲಲಿಲ್ಲ.

ಅದು ಅವನ ತಲೆಯ ಮೇಲಿನಿಂದ ಬರುತ್ತಿತ್ತು. ಮೇಸ್ತ್ರಿ ಬೆರಳು ತೆಗೆದು ಮೆಲ್ಲಗೆ ಕತ್ತೆತ್ತಿದ. ಮಗಳು ಪರದೆಯನ್ನೇ ನೋಡುತ್ತಿದ್ದಳು. ಪ್ರತಿ ಉಸಿರಿಗೂ ಅವಳ ಕೊರಳ ಬುಡದಲ್ಲಿ ಒಂದು ಗುಳಿ ಬೀಳುತ್ತಿತ್ತು, ಭುಜಗಳು ಏನೋ ಭಾರ ಎತ್ತುವಂತೆ ಮೇಲೇಳುತ್ತಿದ್ದವು. ತುಟಿಯ ಅಂಚು ನೀಲಿಗಟ್ಟಿತ್ತು.

"ಪುಟ್ಟಿ."

ಅವಳು ತಿರುಗಲಿಲ್ಲ. ಆಟದಲ್ಲಿ ಯಾರೋ ಕ್ಯಾಪ್ಟನ್ ಕ್ಯಾಪ್ಟನ್ ಎಂದು ಕರೆಯುತ್ತಿದ್ದರು. ಅವಳು ಬಾಯಿಬಿಡದೆ ಅಕ್ಷರ ಕುಟ್ಟಿ ಉತ್ತರ ಕೊಡುತ್ತಿದ್ದಳು. ಮೊದಲೆಲ್ಲ ಅಡುಗೆಮನೆಗೆ ಕೇಳುವಷ್ಟು ಜೋರಾಗಿ ಅವರ ಮೇಲೆ ರೇಗುತ್ತಿದ್ದವಳು. ಅದು ನಿಂತದ್ದು ಯಾವಾಗ? ಮೇಸ್ತ್ರಿ ನೆನಪು ಮಾಡಿಕೊಳ್ಳಲು ನೋಡಿದ. ಆಗಲಿಲ್ಲ.

"ಯಾವಾಗಿಂದ ಹೀಗೆ?"

"ಚಳಿಗಾಲದಿಂದ," ಎಂದಳು. ಇನ್ನೊಂದು ಉಸಿರೆಳೆದುಕೊಂಡು, "ಮಲಗಿದ್ರೆ ಜಾಸ್ತಿ. ಅದಕ್ಕೇ ರಾತ್ರಿನೂ ಆ ಫ್ಯಾನ್ ಹಾಕಿಸ್ಕೊಳ್ತಿದ್ದೆ. ಅಮ್ಮಂಗೆ ಕೇಳಿಸ್ಬಾರ್ದು ಅಂತ."

"ಹೇಳ್ಬಾರ್ದಿತ್ತೇನೇ?"

"ಹೇಳಿದ್ರೆ ಏನು ಮಾಡ್ತಿದ್ದೆ? ಬಿಚ್ಚಿ ರಿಪೇರಿ ಮಾಡ್ತಿದ್ದೆಯಾ?" ನಗಲು ಹೋದಳು, ನಗುವಿಗೆ ಬೇಕಾದಷ್ಟು ಗಾಳಿ ಒಳಗಿರಲಿಲ್ಲ. "ಅಮ್ಮ ಬೆಳಿಗ್ಗೆ ನಕ್ಕಿದ್ದು ಕೇಳ್ದೆಯಾ ಅಪ್ಪಾ? ಅದಕ್ಕೇ ಹೇಳಿಲ್ಲ."

ಮಾರನೆಯ ದಿನ ಆಸ್ಪತ್ರೆಯಲ್ಲಿ ಅವಳಿಗೆ ಒಂದು ಕೊಳವೆ ಕೊಟ್ಟು ಊದಿಸಿದರು. ಯಂತ್ರದ ಮುಳ್ಳು ಎದ್ದಂತೆ ಮಾಡಿ ಬಿದ್ದುಕೊಂಡಿತು. ಡಾಕ್ಟರಮ್ಮ ಇನ್ನೊಮ್ಮೆ ಊದಿಸಿ, ಮೂರನೇ ಸಲ ಬೇಡ ಎಂದರು. ಉಸಿರೆಳೆಯುವುದೂ ಸ್ನಾಯುಗಳ ಕೆಲಸವೇ, ಅವೂ ಸೋಲುತ್ತಿವೆ, ಇರಬೇಕಾದ್ದರಲ್ಲಿ ಕಾಲುಭಾಗ ಉಳಿದಿದೆ ಎಂದು ಮೆತ್ತಗೆ ಹೇಳಿದರು.

"ಮನೇಲಿ ಯಾರಿಗೂ ಗೊತ್ತೇ ಆಗ್ಲಿಲ್ವಾ?"

"ಫ್ಯಾನಿನ ಸದ್ದು ಡಾಕ್ಟ್ರೇ," ಎಂದಳು ಹೆಂಡತಿ. ಏಳು ವರ್ಷ ಮಗಳನ್ನು ಎತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಅವು ಬೇರೆ ಯಾರದೋ ಎಂಬಂತೆ ನೋಡುತ್ತಾ ಕೂತಳು.

ಮುಂಚೆಯೇ ಬಂದಿದ್ದರೆ ಏನಾದರೂ ಆಗುತ್ತಿತ್ತೇ, ಚಳಿಗಾಲದಲ್ಲೇ ಬಂದಿದ್ದರೆ? ಕಾರಿಡಾರಿನಲ್ಲಿ ಮೇಸ್ತ್ರಿ ಅಡ್ಡಗಟ್ಟಿ ಕೇಳಿದ. ಡಾಕ್ಟರಮ್ಮ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿ, "ಈಗ ಅದನ್ನ ಯೋಚಿಸ್ಬೇಡಿ," ಎಂದರು. ಉಸಿರು ನೂಕುವ ಯಂತ್ರವೊಂದನ್ನು ಬರೆದುಕೊಟ್ಟರು. ಮೂಗಿನ ಮೇಲೆ ಮಾಸ್ಕ್ ಕಟ್ಟಿಕೊಳ್ಳಬೇಕು, ಮೊದಮೊದಲು ರಾತ್ರಿ ಹೊತ್ತು ಸಾಕು ಎಂದರು. 'ಆಮೇಲೆ?' ಎಂದು ಯಾರೂ ಕೇಳಲಿಲ್ಲ.

ಆ 'ಆಮೇಲೆ' ಎರಡೇ ತಿಂಗಳಿಗೆ ಬಂತು. ಮಾಸ್ಕ್ ಹಗಲಿಗೂ ಕಾಲಿಟ್ಟಿತು. ಎಡಗೈ ಕೀಲಿಮಣೆಯ ತನಕ ಹೋಗುವುದನ್ನು ನಿಲ್ಲಿಸಿತು. ಮೇಸ್ತ್ರಿ ನಾಲ್ಕಕ್ಕೇ ಅಂಗಡಿ ಬಾಗಿಲೆಳೆದು ಬರತೊಡಗಿದ. ಗಿರಾಕಿಗಳು ಗೊಣಗಿದರು, ಕೆಲವರು ಬೇರೆ ಕಡೆ ಹೋದರು.

ಒಂದು ಸಂಜೆ ಬಂದಾಗ ಪರದೆಯ ಮೇಲೆ ಆಟ ತೆರೆದೇ ಇತ್ತು, ಅವಳ ಸಿಪಾಯಿ ಒಂದೇ ಕಡೆ ನಿಂತಿದ್ದ. ಗೆಳೆಯರು ನಾಲ್ವರೂ ಅವನ ಸುತ್ತ ನಿಂತಿದ್ದರು.

"ಅವ್ರಿಗೆ ಹೇಳ್ದೆ," ಎಂದಳು ಮಗಳು ಮಾಸ್ಕಿನೊಳಗಿಂದ. "ಎಲ್ಲಾ. ಕಾಯ್ತೀವಿ ಅಂದ್ರು."

"ಏನಕ್ಕೆ?"

"ನಿನಗೋಸ್ಕರ. ಇಲ್ಲಿ ಕೂತ್ಕೋ. ಈ ಬಟನ್ ಒತ್ತಿದ್ರೆ ಮುಂದೆ ಹೋಗುತ್ತೆ. ತಿರುಗಿಸೋದು ನಾನು ಮೌಸಲ್ಲಿ ನೋಡ್ಕೊಳ್ತೀನಿ."

ಅವನು ಸ್ಟೂಲ್ ಎಳೆದುಕೊಂಡ. ಪ್ಯಾಂಟಿಗೆ ಕೈಯೊರೆಸಿಕೊಂಡು ತೋರುಬೆರಳನ್ನು ಆ ಕೀಲಿಯ ಮೇಲಿಟ್ಟು ಅದುಮಿದ. ಮೇಜು ಅಲ್ಲಾಡಿತು.

"ಮೆತ್ತಗಪ್ಪಾ, ಲಾರಿ ಹಾರನ್ ಅಲ್ಲ ಅದು."

ಬೆರಳು ಸಡಿಲಿಸಿ ಮತ್ತೆ ಒತ್ತಿದ. ಸಿಪಾಯಿ ಒಂದು ಹೆಜ್ಜೆ ಇಟ್ಟ, ಇನ್ನೊಂದು ಇಟ್ಟ. ಮುಂದೆ ಹುಲ್ಲಿನ ಬಯಲು, ಅದರಾಚೆ ಉದ್ದಕ್ಕೆ ಏರುವ ದಾರಿ. ಉಳಿದ ನಾಲ್ವರು ಅವನ ಹಿಂದೆ ಹೊರಟರು.

"ಸಾಕಾ?"

"ಬಿಡ್ಬೇಡ," ಎಂದಳು.

ಮೇಸ್ತ್ರಿ ಬಿಡಲಿಲ್ಲ. ಬೆಸುಗೆಯ ಕಲೆ ಹತ್ತಿದ ಆ ಬೆರಳನ್ನು ಹಾಗೇ ಹಿಡಿದುಕೊಂಡು, ಏರು ದಾರಿಯಲ್ಲಿ ನಡೆದುಹೋಗುತ್ತಿದ್ದ ಆ ಸಣ್ಣ ಬೆನ್ನನ್ನು ನೋಡುತ್ತಾ ಕೂತ.