ಮನೆಯ ದಾರಿ ಹಾಡಿದವನು

ವೇದಿಕೆಯ ಮೇಲೆ ನಿಂತರೆ ಮೈಕೇ ಬೇಡವೆನ್ನುವಷ್ಟು ಕಂಠವಿದ್ದ ಆ ಮನುಷ್ಯ ತನ್ನ ಮನೆಯೊಳಗೆ ಮಾತ್ರ ಪಿಸುಮಾತಿನಲ್ಲೇ ಬದುಕುತ್ತಿದ್ದ. ಗೆಳೆಯರು ಅವನಿಗೆ ಗುಡುಗು ಎಂದು ಹೆಸರಿಟ್ಟಿದ್ದರು. ಆ ಗುಡುಗು ಮನೆಗೆ ಬರುವಾಗ ಚಪ್ಪಲಿ ಕೈಯಲ್ಲಿ ಹಿಡಿದು, ಗೋಡೆಗೆ ಮೈಯೊರಸಿಕೊಂಡು ಮೆಟ್ಟಿಲು ಹತ್ತಿ, ತಿರುವು ಬಂದಲ್ಲಿ ಕತ್ತು ಚಾಚಿ ಮೇಲೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬಾಗಿಲನ್ನು ಉಗುರಿನಿಂದ ಮೆಲ್ಲನೆ ಕೆರೆಯುತ್ತಿತ್ತು. ಬಂದವನು ತಮ್ಮನೇ ಎಂದು ಒಳಗಿದ್ದ ಅಕ್ಕನಿಗೆ ತಿಳಿಯುತ್ತಿದ್ದುದು ಆ ಕೆರೆತದಿಂದ.

ಓದಿಗೆ ದೊಡ್ಡ ನಮಸ್ಕಾರ ಹಾಕಿ ಲಾಂಡ್ರಿಯೊಂದರ ಹಿಂಬದಿಯ ಕೋಣೆ ಸೇರಿದವನು, ಒಗೆಯುವ ಯಂತ್ರಗಳ ದಡಬಡ ಸದ್ದಿಗೆ ಮಾತು ಜೋಡಿಸುತ್ತ ಜೋಡಿಸುತ್ತ ರ‍್ಯಾಪ್ ಕಲಿತಿದ್ದ. ಬರೆದಿಡುವ ಅಭ್ಯಾಸವಿಲ್ಲ, ಬಾಯಿಗೆ ಬಂದದ್ದೇ ಪದ. ಯಾರೋ ಒಗೆಯಲು ಕೊಟ್ಟು ಒಯ್ಯಲು ಬಾರದ ಬೂದುಬಣ್ಣದ ಉದ್ದನೆಯ ಕೋಟೊಂದು ಅವನ ಪಾಲಿಗೆ ಬಂದಿತ್ತು. ಸುಡುಬಿಸಿಲಿನಲ್ಲೂ ಅದನ್ನು ಕಳಚುತ್ತಿರಲಿಲ್ಲ. ಆದರೆ ಅದರ ಒಡೆಯ ಎಂದಾದರೂ ಎದುರಾಗಿ ಕೊರಳಪಟ್ಟಿ ಹಿಡಿದಾನೆಂಬ ದಿಗಿಲಿನಿಂದ ಗುಂಡಿಗಳನ್ನೆಲ್ಲ ಬದಲಾಯಿಸಿಕೊಂಡಿದ್ದ. ಹಾಡಿನಲ್ಲಿ ಹುಲಿಯ ಮೀಸೆ ಎಳೆಯುವ ಈ ಶೂರ ಬೀದಿನಾಯಿ ಕಂಡರೆ ರಸ್ತೆ ದಾಟುತ್ತಿದ್ದ, ಪರಿಚಯವಿಲ್ಲದ ನಂಬರಿನಿಂದ ಫೋನು ಬಂದರೆ ಅದನ್ನು ದಿಂಬಿನ ಕೆಳಗೆ ತುರುಕುತ್ತಿದ್ದ. ಗೆಳೆಯರು ನಕ್ಕರೆ ತಾನೂ ನಗುತ್ತಿದ್ದ.

ಒಂದು ಭಯ ಮಾತ್ರ ನಗುವಂಥದ್ದಾಗಿರಲಿಲ್ಲ. ಅವನ ಅಕ್ಕ ಗಂಡನ ಮನೆಯಿಂದ ಉಟ್ಟ ಬಟ್ಟೆಯಲ್ಲೇ ಓಡಿಬಂದವಳು. ಮುರಿದ ಮಣಿಕಟ್ಟು ಸೊಟ್ಟಗೇ ಕೂಡಿಕೊಂಡಿತ್ತು. ಭಾವ ದೂರದೂರುಗಳಿಗೆ ಲಾರಿ ಓಡಿಸುವವನು. ಎಂದೂ ದನಿ ಏರಿಸಿದವನಲ್ಲ. ಹೊಡೆಯುವ ಮುನ್ನ ಕೈಗಡಿಯಾರ ಬಿಚ್ಚಿ ಜೋಪಾನವಾಗಿ ಮೇಜಿನ ಮೇಲಿಡುವಂಥ ಸಮಾಧಾನಿ. “ಎಲ್ಲಿ ಹೋದ್ರೂ ಹುಡುಕ್ತೀನಿ” ಎಂದು ಅವನು ಹೇಳಿದ್ದೂ ಊಟಕ್ಕೆ ಕರೆಯುವ ದನಿಯಲ್ಲೇ ಅಂತೆ. ಅದಕ್ಕೇ ಅಕ್ಕ-ತಮ್ಮ ಇಬ್ಬರೂ ಊರು ಬದಲಿಸಿ, ದರ್ಜಿಯ ಅಂಗಡಿಯ ಮೇಲಿನ ಎರಡು ಕೋಣೆ ಹಿಡಿದಿದ್ದರು. ಅಕ್ಕ ಮೇಲೆಯೇ ಕುಳಿತು ದರ್ಜಿಗೆ ಕಾಜ ಹೊಲಿದು ಗುಂಡಿ ಹಚ್ಚಿಕೊಡುತ್ತಿದ್ದಳು, ಬೀದಿಗೆ ಇಳಿಯುತ್ತಿರಲಿಲ್ಲ. ಗುಡುಗು ಕೂಡ ಟೋಪಿ, ಕಪ್ಪು ಕನ್ನಡಕವಿಲ್ಲದೆ ವೇದಿಕೆ ಹತ್ತುತ್ತಿರಲಿಲ್ಲ. ಆಲ್ಬಮ್ಮಿನ ಹೊದಿಕೆಯ ಮೇಲೂ ಮುಖ ಬೇಡವೆಂದು ಹಟ ಹಿಡಿದು ಕೋಟಿನ ಬೆನ್ನನ್ನಷ್ಟೇ ಹಾಕಿಸಿದ್ದ.

ಇಷ್ಟು ಎಚ್ಚರದ ಮನುಷ್ಯ ಎಡವಿದ್ದು ತನ್ನ ಕಸುಬಿನ ರೂಢಿಯೊಂದರಲ್ಲಿ. ತಾನು ಯಾವ ಬೀದಿಯವನೆಂದು ಎದೆತಟ್ಟಿ ಸಾರದವನನ್ನು ರ‍್ಯಾಪ್ ಹಾಡುವವರು ತಮ್ಮವನೆಂದು ಒಪ್ಪುವುದಿಲ್ಲ. ಮೊದಲ ಆಲ್ಬಮ್ಮಿನ ಧ್ವನಿಮುದ್ರಣದ ಕೊನೆಯ ದಿನ ಒಂದು ಹಾಡು ಕಡಿಮೆ ಬಿತ್ತು. “ಎಲ್ಲಾ ಆಯ್ತು, ನಿನ್ನ ಬೀದಿ ಎಲ್ಲಪ್ಪಾ? ಅದಿಲ್ದೆ ಯಾರ್ ನಂಬ್ತಾರೆ ನಿನ್ನ?” ಎಂದು ಸ್ಟುಡಿಯೋದ ಯಜಮಾನ ಕೆಣಕಿದ. ತಾಳ ಶುರುವಾಯಿತು. ಗುಡುಗು ಕಣ್ಣು ಮುಚ್ಚಿ, ಹಾಡುತ್ತಲೇ ಲಾಂಡ್ರಿಯಿಂದ ಮನೆಗೆ ನಡೆದ: ಬಸ್ಸಿನ ಕೊನೆಯ ನಿಲ್ದಾಣ, ನೀರಿನ ಟ್ಯಾಂಕಿನ ಹತ್ತಿರ ಎಡಕ್ಕೆ, ಬೀಗ ರಿಪೇರಿಯವನ ಪಕ್ಕದ ಸಂದಿ, ದರ್ಜಿಯ ಬೋರ್ಡು, ಕತ್ತಲೆಯ ಮೆಟ್ಟಿಲು, ಮೇಲೆ ಹಸಿರು ಬಾಗಿಲು, ಬಾಗಿಲ ಹಿಂದೆ ಕಾಜ ಹೊಲಿಯುವ ಅಕ್ಕ. ಅವಳ ಮೇಲಿದ್ದ ಪ್ರೀತಿಯೆಲ್ಲ ಆ ಹಾಡಿಗೆ ಇಳಿದಿತ್ತು. ಕೇಳಿದ ಯಜಮಾನ ಕಣ್ಣೊರೆಸಿಕೊಂಡ. ಲೋಕಕ್ಕೆಲ್ಲ ಮನೆಯ ವಿಳಾಸ ಕೊಟ್ಟುಬಿಟ್ಟೆನೆಂದು ಗುಡುಗಿಗೆ ಆಗ ಹೊಳೆಯಲೇ ಇಲ್ಲ.

ಆಲ್ಬಮ್ ಬಂದದ್ದೇ ತಡ, ಮನೆಮಾತಾಯಿತು. ಬಸ್ಸುಗಳಲ್ಲಿ, ಕ್ಷೌರದಂಗಡಿಗಳಲ್ಲಿ, ಹೆದ್ದಾರಿಯ ಪೆಟ್ರೋಲ್ ಬಂಕುಗಳಲ್ಲಿ ಅದೇ ಹಾಡು. ಹೊಸಬನೊಬ್ಬನ ಮೊದಲ ಆಲ್ಬಮ್ ಹೀಗೆ ಮಾರಾಟವಾದದ್ದನ್ನು ಕಂಡು ಹಳಬರು ಹೊಟ್ಟೆ ಉರಿದುಕೊಂಡರು. ಕೆಳಗೆ ದರ್ಜಿ ಹಾಡು ಹಾಕಿದಾಗ ಮೇಲೆ ಅಕ್ಕನ ಸೂಜಿ ನಿಂತಿತು. ಕೊನೆಯವರೆಗೂ ಕೇಳಿ, “ಚೆನ್ನಾಗ್ ಹಾಡಿದೀಯ ಕಣೋ” ಎಂದಳು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, “ಹೋಗಿ ಬಾಗಿಲು ಹಾಕು” ಎಂದಳು. ತಾನೇನು ಹಾಡಿಬಿಟ್ಟೆನೆಂದು ಗುಡುಗಿಗೆ ಹೊಳೆದದ್ದು ಆಗ.

ಅಭಿಮಾನಿಗಳು ಹಾಡನ್ನೇ ಹಿಡಿದುಕೊಂಡು ಮನೆ ಹುಡುಕಿ ಬಂದರು. ಕೆಟ್ಟವರೇನಲ್ಲ, ಹಸಿರು ಬಾಗಿಲ ಮುಂದೆ ಫೋಟೋ ತೆಗೆಸಿಕೊಂಡು, “ಅಕ್ಕಾ, ಒಂದ್ಸಲ ಹೊರಗ್ ಬನ್ನಿ” ಎಂದು ಅಕ್ಕರೆಯಿಂದಲೇ ಕೂಗುತ್ತಿದ್ದರು. ಒಳಗೆ ಅಕ್ಕ ಬಚ್ಚಲಿನ ಚಿಲಕ ಹಾಕಿಕೊಂಡು ಉಸಿರು ಬಿಗಿಹಿಡಿದು ಕೂತಿರುತ್ತಿದ್ದಳು. ಗುಡುಗು ಬಾಗಿಲಿಗೆ ಕಂದು ಬಣ್ಣ ಬಳಿದ, “ಹಸಿರು ಇರ್ಬೇಕಿತ್ತಲ್ಲ?” ಎಂದು ಬಂದವರು ದರ್ಜಿಯನ್ನೇ ದಬಾಯಿಸಿದರು. ಬೇರೆ ಮನೆ ನೋಡಲು ಹೋದರೆ, ಅವನು ಬಾಯಿ ತೆರೆದೊಡನೆ ಮನೆಯ ಮಾಲೀಕರು ಗುರುತು ಹಿಡಿದು ಓಣಿಗೆಲ್ಲ ಡಂಗುರ ಸಾರುತ್ತಿದ್ದರು. ಹಾಡನ್ನು ತೆಗೆದುಬಿಡಿ ಎಂದು ಯಜಮಾನನ ಕಾಲು ಹಿಡಿದ. “ತಲೆ ಕೆಟ್ಟಿದ್ಯೇನೋ? ಆಲ್ಬಮ್ ಓಡ್ತಿರೋದೇ ಅದ್ರಿಂದ. ಈಗ ತೆಗೆದ್ರೆ ಇನ್ನೂ ಜಾಸ್ತಿ ಜನ ಹುಡ್ಕೊಂಡ್ ಕೇಳ್ತಾರೆ” ಎಂದ ಯಜಮಾನ. ಅದು ಸುಳ್ಳೂ ಆಗಿರಲಿಲ್ಲ.

ಒಂದು ಸಂಜೆ ದೊಡ್ಡ ಮೈದಾನದಲ್ಲಿ ಹಾಡುವಾಗ ಗುಡುಗಿಗೆ ಉಪಾಯವೊಂದು ಹೊಳೆದು, ದಾರಿಯನ್ನೇ ತಿರುಚಿದ. ಟ್ಯಾಂಕಿನ ಹತ್ತಿರ ಬಲಕ್ಕೆ ಎಂದ. ಜನ ಅರೆಕ್ಷಣ ತಬ್ಬಿಬ್ಬಾಗಿ, ಮರುಕ್ಷಣವೇ ಒಕ್ಕೊರಲಿನಿಂದ “ಎಡಕ್ಕೆ!” ಎಂದು ಅಬ್ಬರಿಸಿದರು. ಕೆಂಪು ಬಾಗಿಲು ಎಂದ, “ಹಸಿರು!” ಎಂದರು. ಪಾಪ, ಸಾಲು ಮರೆತಿದ್ದಾನೆಂದು ಪ್ರೀತಿಯಿಂದ ತಿದ್ದಿದರು. ಅವನು ಮೈಕು ಕೆಳಗಿಳಿಸಿದ. ಅವನ ಹಂಗಿಲ್ಲದೆಯೇ ಹಾಡು ಸಂದಿ ಹೊಕ್ಕು, ಮೆಟ್ಟಿಲು ಹತ್ತಿ, ಬಾಗಿಲು ದಾಟಿ, ಅಕ್ಕನ ತನಕ ಹೋಯಿತು. ಕೋಟಿನೊಳಗೆ ಅವನು ಬೆವರಿ ತೊಪ್ಪೆಯಾಗಿದ್ದ.

ಆ ವಾರವೇ ದರ್ಜಿಯ ಹೆಂಡತಿ ತನ್ನ ಕಡೆಯವರನ್ನು ಹಿಡಿದು ಅಕ್ಕನಿಗೆ ಬೇರೊಂದು ಕಡೆ ನೆಲೆ ಹುಡುಕಿದಳು. ಅಕ್ಕ ಬಟ್ಟೆ ಮಡಚುತ್ತ, “ನೋಡು, ಅಲ್ಲಿಗೆ ಹೇಗ್ ಬರೋದು ಅಂದ್ರೆ...” ಎಂದು ಶುರುಮಾಡಿದೊಡನೆ ಗುಡುಗು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ.

“ಬೇಡ ಅಕ್ಕ, ಹೇಳ್ಬೇಡ. ನನ್ ಬಾಯ್ ಮೇಲೆ ನಂಗೇ ನಂಬಿಕೆ ಇಲ್ಲ.”

ಅಕ್ಕ ಅವನ ತಲೆ ಸವರಿ, ಹೊತ್ತಿಗೆ ಸರಿಯಾಗಿ ಉಣ್ಣು ಎಂದಷ್ಟೇ ಹೇಳಿ ಇಳಿದುಹೋದಳು. ಅವಳು ಯಾವ ಕಡೆಗೆ ತಿರುಗಿದಳೆಂಬುದು ಕಣ್ಣಿಗೆ ಬೀಳಬಾರದೆಂದು ಅವನು ಕಿಟಕಿಗೆ ಬೆನ್ನು ಹಾಕಿ ನಿಂತಿದ್ದ.

ಭಾವ ಬಂದದ್ದು ಹಾಡುಹಗಲಿನಲ್ಲಿ. “ಚೆನ್ನಾಗಿದೀಯೇನಪ್ಪಾ?” ಎನ್ನುತ್ತ ಒಳಗೆ ಬಂದು, ಎರಡೂ ಕೋಣೆ, ಬಚ್ಚಲು, ಮಂಚದ ಅಡಿ ನೋಡಿ, ಅಕ್ಕ ಕೂರುತ್ತಿದ್ದ ಕುರ್ಚಿಯಲ್ಲಿ ಕೂತ. ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟ.

“ಎಲ್ಲಿದಾಳೆ?”

“ಗೊತ್ತಿಲ್ಲ ಭಾವ. ಕೊಂದ್ರೂ ಗೊತ್ತಿಲ್ಲ.”

ಭಾವ ಅವನ ಮುಖವನ್ನೇ ನೋಡುತ್ತ ಕೂತ. ಆ ಮುಖಕ್ಕೆ ಬಚ್ಚಿಡಲು ಬಾರದೆಂಬುದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು, ನಂಬಿದ. ನಿಧಾನವಾಗಿ ಕೈಗಡಿಯಾರ ಕಟ್ಟಿಕೊಂಡು ಎದ್ದ.

“ಹಾಡು ಚೆನ್ನಾಗಿದೆ, ಲಾರಿಲಿ ದಿನಾ ಹಾಕ್ತೀನಿ. ಅವಳೆಲ್ಲಿದಾಳೆ ಅಂತ ಗೊತ್ತಾದಾಗ ನೀನೇ ಹಾಡ್ತೀಯಲ್ಲ. ಕಾಯ್ತೀನಿ.”

ಗುಡುಗು ಈಗಲೂ ಹಾಡುತ್ತಾನೆ. ಹೊಸ ಹಾಡುಗಳಲ್ಲಿ ಬೀದಿಯಿಲ್ಲ, ಮನೆಯಿಲ್ಲ, ಒಡಹುಟ್ಟಿದವರಿಲ್ಲ. ಮೊದಲಿನ ಕಸುವು ಹೋಯಿತೆಂದು ಜನ ಮೂಗು ಮುರಿಯುತ್ತಾರೆ. ಎದೆಯಲ್ಲಿದ್ದುದನ್ನು ಬಾಯಿಗೆ ತಂದರಷ್ಟೇ ಜೀವ ಹಗುರವಾಗುವ ಒಂದು ಬಗೆಯ ಜನರಿದ್ದಾರೆ. ಅವರ ಪಾಲಿಗೆ ಪ್ರೀತಿಸುವುದೆಂದರೆ ಹೇಳಿಕೊಳ್ಳುವುದು, ಬಚ್ಚಿಡುವುದು ಅವರ ಹಣೆಯಲ್ಲಿ ಬರೆದದ್ದಲ್ಲ. ಲೋಕ ಅವರ ಹಾಡಿಗೆ ತಲೆದೂಗುತ್ತದೆ, ಮನೆಯವರು ಹೆಮ್ಮೆಪಡುತ್ತಲೇ ಚಿಲಕ ಹಾಕಿಕೊಳ್ಳುತ್ತಾರೆ. ಅಂಥವರಿಗೆ ತಮ್ಮ ಜೀವಕ್ಕಿಂತ ಹೆಚ್ಚಾದವರನ್ನು ಕಾಪಾಡಲು ಉಳಿಯುವ ದಾರಿ ಒಂದೇ: ಅವರು ಎಲ್ಲಿದ್ದಾರೆ, ಹೇಗಿದ್ದಾರೆ, ಇದ್ದಾರೆಯೇ ಎಂಬುದನ್ನು ಕೂಡ ತಿಳಿಯದೆ ಬದುಕುವುದು.